ಗಾಜು ಇಳಿಸುವ ಹಿಡಿ

ಮಾವನವರ ಹಳೇ ಕಾರನ್ನು ಮತ್ತೆ ಓಡಿಸಬೇಕೆಂಬುದು ನಮ್ಮವರ ಹಟ. ಬಿಡಿಭಾಗಗಳಿಗಾಗಿ ಎರಡು ವರ್ಷ ಗುಜರಿ ಅಂಗಡಿಗಳನ್ನೆಲ್ಲ ಅಲೆದರು. ಕೊನೆಗೆ ಫೋನಿನಲ್ಲಿ ಸಿಕ್ಕ ಒಬ್ಬ ವ್ಯಾಪಾರಿ ಕೇಳಿದ್ದನ್ನೆಲ್ಲ ಕಳಿಸತೊಡಗಿದ. ದಾರಿಯಲ್ಲಿ ನಾಲ್ಕು ದಿನ ಕಳೆದು ಬಂದರೂ ಪ್ರತಿ ಪೊಟ್ಟಣದೊಳಗಿನ ಭಾಗವೂ ಈಗಷ್ಟೇ ಕಾರಿನಿಂದ ಬಿಚ್ಚಿದಂತೆ ಬೆಚ್ಚಗಿರುತ್ತಿತ್ತು.

ಹಿಂದಿನ ಬಲಬಾಗಿಲಿಗೆ ಗಾಜು ಇಳಿಸುವ ಹಿಡಿ ಇರಲಿಲ್ಲ. ಮೊನ್ನೆ ಅದೂ ಬಂತು, ಮೂರು ಸುತ್ತು ಹಸಿರು ರಿಬ್ಬನ್ ಸುತ್ತಿಕೊಂಡು. ನನ್ನ ಮಗಳು ಕಾರಿಗೂ ಜಡೆ ಇರಲಿ ಎಂದು ಎಡಬಾಗಿಲಿನ ಹಿಡಿಗೆ ಸುತ್ತಿದ್ದು ಹಾಗೆಯೇ. ನಮ್ಮದನ್ನೇ ಕದ್ದು ನಮಗೇ ಮಾರುತ್ತಿದ್ದಾನೋ ಎಂದು ಶೆಡ್ಡಿಗೆ ಹೋಗಿ ನೋಡಿದೆ. ಅವಳದು ಅಲ್ಲೇ ಇತ್ತು.

ವ್ಯಾಪಾರಿಗೆ ಫೋನ್ ಮಾಡಿದೆ.

"ಇದೆಲ್ಲ ಎಲ್ಲಿಂದ ತರ್ತೀರಿ?"

"ಎಲ್ಲ ಒಂದೇ ಕಾರಿಂದಕ್ಕ. ಅಪಘಾತ ಆಗಿದ್ದು. ಬಿಚ್ಚಿ ಮಾರ್ತಿದ್ದೀನಿ."

"ಅದ್ರಲ್ಲಿದ್ದವ್ರು?"

"ಅದನ್ನೆಲ್ಲ ಕೇಳ್ತಾ ಕೂತ್ರೆ ಈ ಕಸುಬು ಮಾಡೋಕಾಗಲ್ಲಕ್ಕ."

ಭಾನುವಾರ ಕಾರಿನಲ್ಲಿ ಮೊದಲ ಸುತ್ತು ಹೋಗುವುದೆಂದು ಅಪ್ಪ, ಮಗಳು ಗೊತ್ತುಮಾಡಿಕೊಂಡಿದ್ದಾರೆ. ಬೇಡವೆಂದೆ.

"ನಿಂಗೆ ಹಗ್ಗ ಕಂಡ್ರೂ ಹಾವೇ," ಎಂದು ನಮ್ಮವರು ನಕ್ಕರು.

ಇವತ್ತು ಬೆಳಿಗ್ಗೆ ಇಬ್ಬರೂ ಮನೆಯಿಂದ ಹೊರಟ ಮೇಲೆ ಕಾರಿನ ಕೀಯನ್ನು ಹಿಟ್ಟಿನ ಡಬ್ಬಿಯ ತಳದಲ್ಲಿ ಹುಗಿದಿಟ್ಟೆ. ಕೈ ತೊಳೆಯುವಷ್ಟರಲ್ಲಿ ಫೋನ್ ಬಂತು. ಅದೇ ವ್ಯಾಪಾರಿ.

"ಅಕ್ಕ, ಆ ಕಾರಿಂದು ಕೀ ಕೂಡ ಸಿಕ್ತು, ಬೇಕಾ? ಯಾಕೋ ಹಿಟ್ಟು ಮೆತ್ಕೊಂಡಿದೆ. ಒರೆಸಿ ಕಳಿಸ್ತೀನಿ."