ಹೇಮಶ್ರೀ ಒರೆಸಿದ ಕಂಪ್ಯೂಟರ್

"ಥತ್, ಆನ್ ಆಗ್ತಾನೇ ಇಲ್ವಲ್ಲ ಇದು!" ಅಪ್ಪ ಮತ್ತೊಮ್ಮೆ ಸಿಪಿಯುವಿನ ಬಟನ್ ಒತ್ತಿದರು.

ಲೈಟಿಲ್ಲ, ಒಳಗಿನ ಫ್ಯಾನಿನ ಸದ್ದಿಲ್ಲ. ಮೈಗೆಲ್ಲ ವಿಭೂತಿ ಬಳಿಸಿಕೊಂಡು, ಸೇವಂತಿಗೆ ಹಾರ ಹಾಕಿಸಿಕೊಂಡು ಆ ಹಳೇ ಕಂಪ್ಯೂಟರ್ ಮದುಮಗನ ಹಾಗೆ ಸುಮ್ಮನೆ ಕೂತಿತ್ತು.

ನಿನ್ನೆ ಆಯುಧಪೂಜೆ. ಪೂಜೆಯಾದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈಗ ಅಪ್ಪನ ಪ್ರಿಂಟಿಂಗ್ ಅಂಗಡಿಯ ಬಾಗಿಲಲ್ಲಿ ಕೃಷ್ಣಪ್ಪ ನಿಂತಿದ್ದಾರೆ. ಅವರ ಮಗಳ ಲಗ್ನಪತ್ರಿಕೆ ಆ ಕಂಪ್ಯೂಟರಿನೊಳಗೇ ಇದೆ. ಮೊದಲ ಪತ್ರಿಕೆಯನ್ನು ಇವತ್ತೇ ಕೆಂಗಲ್ ಆಂಜನೇಯನ ಮುಂದಿಡಬೇಕು.

"ಆಯ್ತದಾ ಇಲ್ವಾ ಹೇಳ್ಬುಡು ಉದಯಣ್ಣ. ಇಲ್ದಿದ್ರೆ ಚನ್ನಪಟ್ಣದಲ್ಲೇ ಮಾಡಿಸ್ಕತೀನಿ," ಎಂದರು ಕೃಷ್ಣಪ್ಪ.

"ಒಸಿ ತಡೀರಿ, ನೋಡ್ತಾ ಇವ್ನಿ."

ಅಪ್ಪ ಪ್ಲಗ್ ಕಿತ್ತು ಅದೇ ಸಾಕೆಟ್ಟಿಗೆ ಟೇಬಲ್ ಫ್ಯಾನ್ ಹಾಕಿದರು. ಫ್ಯಾನ್ ಜೋರಾಗಿ ತಿರುಗಿತು. ಗೋಡೆಗೆ ಒತ್ತಿದ್ದ ಸಿಪಿಯುವಿನ ಹಿಂದೆ ಕೈ ತೂರಿಸಿ, ತಡಕಾಡಿ, ಅದರ ವೈರ್ ಕಿತ್ತು ಮಾನಿಟರಿನ ವೈರ್ ಸಿಕ್ಕಿಸಿ ನೋಡಿದರು. ಊಹೂಂ. ರಿಪೇರಿಯ ಶಾಹಬಾಜ್ ಫೋನ್ ಎತ್ತಲಿಲ್ಲ. ಅಪ್ಪನ ಸಿಟ್ಟೆಲ್ಲ ಒಳಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿತು.

"ಅದರ ಮೇಲೆ ತೀರ್ಥ ಚಿಮುಕಿಸ್ಬ್ಯಾಡ ಅಂದಿದ್ದೆ ತಾನೇ ಅವ್ವ? ನೋಡೀಗ, ಸುಟ್ಟೋಗೈತೆ!"

"ನಾಕು ಹನಿ ಕಣಪ್ಪಾ..." ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಮೂಲೆಯಲ್ಲಿದ್ದ ಹೇಮಶ್ರೀ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಪೂಜೆಗೆ ಮುಂಚೆ ಕಂಪ್ಯೂಟರ್ ಒರೆಸಿದ್ದು ಅವಳು. ಅಪ್ಪ ಕೊಟ್ಟದ್ದು ಒಣಬಟ್ಟೆ. ಧೂಳು ಹೋಗಲಿಲ್ಲವೆಂದು ಅವಳು ಅದನ್ನು ಬಕೆಟ್ಟಿನಲ್ಲಿ ಅದ್ದಿ, ಸರಿಯಾಗಿ ಹಿಂಡದೆ ಉಜ್ಜಿದ್ದಳು. ಹೇಳಿದರೆ ಅಪ್ಪ ಇನ್ನು ಮೌಸ್ ಮುಟ್ಟಲೂ ಬಿಡುವುದಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಕೃಷ್ಣಪ್ಪ ಚಪ್ಪಲಿ ಮೆಟ್ಟಿಕೊಂಡರು. ಒಳಗೆ ಅಜ್ಜಿ ಮೂಗೆಳೆದುಕೊಂಡ ಸದ್ದು ಕೇಳಿಸಿತು. ಹೇಮಶ್ರೀಗೆ ತಡೆಯಲಾಗಲಿಲ್ಲ.

"ಅಪ್ಪಾ, ಅಜ್ಜಿ ಅಲ್ಲ. ನಾನು ಒದ್ದೆ ಬಟ್ಟೇಲಿ ಒರೆಸ್ಬುಟ್ಟೆ."

ಅಪ್ಪ ಕಣ್ಣು ಕೆಂಪಗೆ ಮಾಡಿದರು. "ಎಲ್ಲೆಲ್ಲಿ ಒರೆಸ್ದೆ?"

"ಮುಂದೆ, ಮೇಲೆ... ಹಿಂದುಗಡೆ ಜಾಸ್ತಿ. ಅಲ್ಲಿ ಕೊಳೆ ಕಚ್ಕಂಡಿತ್ತು. ಜೋರಾಗಿ ಉಜ್ಜಿದೆ."

"ಹಿಂದುಗಡೆನಾ?"

ಅಪ್ಪ ಪ್ಲಗ್ ಕಿತ್ತು, ಸಿಪಿಯುವನ್ನು ತಿರುಗಿಸಿ ಮೊಬೈಲ್ ಟಾರ್ಚ್ ಬಿಟ್ಟರು. ಎಲ್ಲ ಒಣಗಿತ್ತು. ವೈರ್ ಸಿಕ್ಕಿಸುವ ಜಾಗದ ಪಕ್ಕ ಒಂದು ಪುಟ್ಟ ಕಪ್ಪು ಸ್ವಿಚ್. ಯಾವತ್ತೂ ಆನ್ ಆಗಿಯೇ ಇರುತ್ತಿದ್ದ ಅದನ್ನು ಅಪ್ಪ ಮರೆತೇಬಿಟ್ಟಿದ್ದರು. ಉಜ್ಜಿದ ರಭಸಕ್ಕೆ ಅದು ಆಫ್ ಆಗಿ ಕೂತಿತ್ತು!

ಟಕ್ ಎಂದು ಒತ್ತಿ, ಪ್ಲಗ್ ಹಾಕಿ, ಬಟನ್ ಅದುಮಿದರು. ಗುಂಯ್ ಎಂದಿತು ಸಿಪಿಯುವಿನ ಫ್ಯಾನ್.

"ಇದನ್ನ ಆಗ್ಲೇ ಹೇಳಕ್ಕೇನ್ ದಾಡಿ ನಿಂಗೆ?" ಅಪ್ಪ ಅವಳ ತಲೆಗೊಂದು ಮೊಟಕಿದರು. ನೋಯಲಿಲ್ಲ. ಕೃಷ್ಣಪ್ಪ ನಗುತ್ತಾ ವಾಪಸ್ ಬಂದು ಕೂತರು.

ಹೇಮಶ್ರೀ ಒಳಗೆ ಓಡಿದಳು. ಅಜ್ಜಿ ತೀರ್ಥದ ತಂಬಿಗೆ ಹಿಡಿದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದರು.

"ನನ್ ಕೈ ಸುಮ್ಕಿರಲ್ಲ ನೋಡು ಮಗ. ಪೂರ್ತಿ ಹಾಳಾಗೋಯ್ತಾ?"

"ಇಲ್ಲಜ್ಜಿ, ಆನ್ ಆಯ್ತು. ನಿನ್ನಿಂದ ಅಲ್ಲ, ನನ್ನಿಂದ ಆಗಿದ್ದು."

"ನಿಮ್ಮಪ್ಪಂಗೆ ಗೊತ್ತಾಯ್ತಾ?"

"ಹೂಂ."

ಅಜ್ಜಿ ಅಂಗಡಿಯ ಕಡೆ ನೋಡಿದರು. ಅಲ್ಲಿಂದ ಅಪ್ಪನ ನಗು, ಪ್ರಿಂಟರಿನ ಸದ್ದು ಕೇಳಿಬರುತ್ತಿತ್ತು. ಅಜ್ಜಿ ತಂಬಿಗೆಯನ್ನು ಮಡಿಲಿಗೆಳೆದುಕೊಂಡು ಅಲ್ಲೇ ಕೂತರು.

ಹೇಮಶ್ರೀ ಹೋಗಿ ಅಪ್ಪನ ಅಂಗಿ ಜಗ್ಗಿದಳು. "ಅಪ್ಪಾ, ಅಜ್ಜಿ ಇನ್ನೂ ಒಳಗೇ ಕೂತವ್ಳೆ."

ಮೌಸಿನ ಮೇಲಿದ್ದ ಅಪ್ಪನ ಕೈ ನಿಂತಿತು. ಅವರು ಎದ್ದು ಒಳಬಾಗಿಲವರೆಗೆ ನಡೆದು ಅಲ್ಲೇ ನಿಂತುಬಿಟ್ಟರು. ಒಮ್ಮೆ ಕೆಮ್ಮಿದರು. ಬಾಗಿಲಿಗೆ ಕೈ ಆನಿಸಿದರು. ಹೆಜ್ಜೆ ಮಾತ್ರ ಮುಂದೆ ಹೋಗಲಿಲ್ಲ.

ಅಪ್ಪಂಗೂ ಭಯ ಆಗುತ್ತಾ?

ತಪ್ಪು ಒಪ್ಪಿಕೊಳ್ಳುವ ಮಾತು ಬಾಯಿಗೆ ಬಾರದಿದ್ದರೆ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಮಶ್ರೀ ಅಪ್ಪನ ಕೈ ಹಿಡಿದುಕೊಂಡು ಒಳಗೆ ನಡೆದಳು.