ಸೋರದ ಟ್ಯಾಂಕ್

"ಇನ್ನೊಂದು ಬಕೆಟ್ ನೀರು ಎರಚಯ್ಯ," ಎಂದ ಥರ್ಲ್‌ಬಿ.

ಹೊಸ ಯುದ್ಧಯಂತ್ರದೊಳಗೆ ನಿಂತು ಎರಚಿದೆ. ಬಲಗೋಡೆಯ ಸಂದುಗಳಿಂದೆಲ್ಲ ನೀರು ಹೊರಗೆ ಜಿನುಗಿತು. ಎಡಗೋಡೆಯಲ್ಲಿ ಗುಂಡು ಹೊಕ್ಕ ತೂತಿನಿಂದ ಮಾತ್ರ. ಹಿಂದಿನ ದಿನ ಪರೀಕ್ಷೆಗೆಂದು ಗುಂಡು ಹಾರಿಸಿದಾಗ, ಒಳಗೆ ಕೂತಿದ್ದ ಚಾಲಕ ಟನಾರ್ಡ್ ಸತ್ತದ್ದು ಆ ಗುಂಡಿಗೇ. ಗಟ್ಟಿ ಉಕ್ಕಿನ ಬದಲು ಯಾರೋ ಅಲ್ಲಿ ಬಾಯ್ಲರಿನ ಮೆದು ತಗಡು ಕೂರಿಸಿದ್ದರು.

"ಇದಕ್ಕೆ ಸ್ನಾನ ಮಾಡಿಸ್ತಿದ್ದೀರೇನ್ರೀ?" ಅದನ್ನು ಮಾಡಿಸುತ್ತಿದ್ದ ಬ್ರಿಟಿಷ್ ಸೇನೆಯ ಮೇಜರ್ ಫ್ಯಾನ್‌ಶಾ ಹಂಗಿಸಿದರು. "ಜರ್ಮನಿಯ ದುಡ್ಡು ತಿಂದವನು ಯಾರು ಅಂತ ಹೇಳಿ, ಸಾಕು."

ಥರ್ಲ್‌ಬಿ ನಮ್ಮ ಕಾರ್ಖಾನೆಯ ಪತ್ತೇದಾರ. ನಾನು ಅವನ ಜೊತೆಗಾರ. ಎಡಗೋಡೆಯ ಕೆಲಸ ಮಾಡಿದವರು ಇಬ್ಬರೇ, ಫೋರ್‌ಮನ್ ಕಾಡ್ ಮತ್ತು ರಿವೆಟ್ ಮೊಳೆ ಬಡಿಯುವ ಓಬೆಡ್. ಇಬ್ಬರನ್ನೂ ಅಂಗಳಕ್ಕೆ ಕರೆಸಿದ್ದರು.

"ನಾನಲ್ಲ ಸಾರ್," ಎಂದ ಕಾಡ್. ಓಬೆಡ್ ತುಟಿ ಬಿಚ್ಚಲಿಲ್ಲ. ಮಗ ಯುದ್ಧದಲ್ಲಿ ಸತ್ತಾಗಿನಿಂದ ಅವನು ತೋಳಿನ ಶೋಕದ ಕಪ್ಪು ಪಟ್ಟಿಯನ್ನೂ ಬಿಚ್ಚಿರಲಿಲ್ಲ.

"ಮಾತಾಡ್ರೀ!" ಜೊತೆಗೆ ಬಂದಿದ್ದ ಹೆಂಡತಿ ಜಿಲ್ಲಾ ಅವನ ಅಂಗಿ ಜಗ್ಗಿದಳು. "ನೇಣಿಗೆ ಹಾಕ್ತಾರೆ ಕಣ್ರೀ!"

ಥರ್ಲ್‌ಬಿ ಎಡಗೋಡೆ ಮುಟ್ಟಿ ತೋರಿಸಿದ. "ನೋಡಿ ಸಾರ್. ಸಂದುಗಳನ್ನ ಉಳಿಯಿಂದ ಬಡಿದು ಮುಚ್ಚಿದಾನೆ, ಮೇಲೆ ನೀರು ತಡೆಯೋ ಕೆಂಪು ಸೀಸದ ಬಣ್ಣ ಬಳಿದಿದಾನೆ. ಕೊಲ್ಲೋನಿಗೆ ಇಷ್ಟು ಅಕ್ಕರೆ ಯಾಕೆ? ಇದು ನೀರು ಸೋರಬಾರದು ಅಂತ ಮಾಡಿದ ಕೆಲಸ. ಗಟ್ಟಿ ಉಕ್ಕನ್ನ ಹೀಗೆ ಬಡಿದ್ರೆ ಅಂಚು ಒಡೆಯುತ್ತೆ. ಅದಕ್ಕೇ ಮೆದು ತಗಡು."

"ನೀರಾ? ಇದು ಯುದ್ಧದ ಯಂತ್ರ!"

"ಅದು ನಿಮಗೆ ಗೊತ್ತು. ಫೋರ್‌ಮನ್‌ಗೂ ಹೇಳಿದ್ರಿ. ಮಿಕ್ಕವರಿಗೆ? ಗುಟ್ಟು ಉಳೀಲಿ ಅಂತ ಇಡೀ ಲಿಂಕನ್ ಊರಿಗೆ ಟಾಂಟಾಂ ಮಾಡಿಸಿದ್ರಲ್ಲ, ಮೆಸೊಪೊಟೇಮಿಯಾದ ಮರಳುಗಾಡಲ್ಲಿರೋ ಸಿಪಾಯಿಗಳಿಗೆ ನೀರು ಒಯ್ಯೋ ಟ್ಯಾಂಕ್ ಅಂತ! ಮನಸಾರೆ ನಂಬಿದವನು ಒಬ್ಬ. ಅವನ ಮಗ ಅಲ್ಲೇ ನೀರಿಲ್ಲದೆ ಸತ್ತ. ತಗಡು ಕೂರಿಸಿದ್ದು ಓಬೆಡ್. ಚಾಲಕನನ್ನ ಕೊಂದದ್ದು ನಿಮ್ಮ ಸುಳ್ಳು."

ಓಬೆಡ್ ಆಗ ಬಾಯಿಬಿಟ್ಟ. "ಇದಕ್ಕೆ ಗುಂಡು ಹೊಡೀತಾರೆ ಅಂತ ಯಾರು ಹೇಳಿದ್ರು ನಂಗೆ?"

ಮೇಜರ್ ಕೆಮ್ಮಿ, ಒಂದು ಹಾಳೆ ತರಿಸಿದರು.

"ಗುಟ್ಟು ಹೊರಗೆ ಬೀಳೋ ಹಾಗಿಲ್ಲ ಓಬೆಡ್. ಕುಡಿದ ಮತ್ತಲ್ಲಿ ತಗಡು ಅದಲುಬದಲಾಯ್ತು ಅಂತ ಸಹಿ ಹಾಕು. ನೇಣಿಲ್ಲ, ಜೈಲಿಲ್ಲ. ಸಂಜೆಗೆ ಮನೆ ಸೇರ್ತೀಯ."

"ಹಾಕಿಬಿಡ್ರೀ," ಜಿಲ್ಲಾ ಅಳುತ್ತ ಲೇಖನಿಯನ್ನು ಅವನ ಬೆರಳಿಗೆ ತುರುಕಿದಳು. "ನನಗೋಸ್ಕರ."

ಓಬೆಡ್ ಅದನ್ನು ಹಾಳೆಯ ಮೇಲಿಟ್ಟ.

"ಹಾಕಲ್ಲ. ಕುಡಿದು ಮಾಡಿದ ಕೆಲಸ ಅಲ್ಲ ಅದು."