ಕನಸಿನೊಳಗೊಂದು ಚಹಾ

ಸ್ವಪ್ನಶಯ್ಯೆ ಗುಂಯ್ ಎಂದಿತು. ಇಂದುಮತಿಯ ರೆಪ್ಪೆಗಳು ಭಾರವಾದವು. ಗಜೇಂದ್ರಗಡದ ಶಾಲೆಯ ಸಭಾಂಗಣ, ಬಾಗಿಲಲ್ಲಿ ನಿಂತಿದ್ದ ಅಪ್ಪ, ಸರದಿಗೆ ಕಾಯುತ್ತಿದ್ದ ಹತ್ತನೇ ತರಗತಿಯ ಗೆಳತಿಯರು, ಎಲ್ಲವೂ ಸಕ್ಕರೆಯಂತೆ ಕರಗಿಹೋದವು.

ಆ ಯಂತ್ರವನ್ನು ಕಟ್ಟಿದವರು ಡಾಕ್ಟರ್ ಮೃದುಲಾ ಕಾಮತ್. ಮಕ್ಕಳು ಯಾರೋ ಹೇಳಿದ ಕೋರ್ಸಿಗೆ ಸೇರಿ ಜೀವಮಾನವಿಡೀ ಗೊಣಗುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಶಯ್ಯೆಯಲ್ಲಿ ಮಲಗಿದವರು ಒಂದು ಕಸುಬನ್ನು ಕನಸಿನಲ್ಲಿ ಮಾಡಿ ನೋಡಬಹುದು. ಕೆಲಸದ ವಿವರವನ್ನು ಯಂತ್ರ ಒದಗಿಸುತ್ತದೆ. ಅಲ್ಲಿ ಎದುರಾಗುವ ಮನುಷ್ಯರನ್ನು ಮಾತ್ರ ಮಲಗಿದವರ ಮನಸ್ಸೇ ಹುಟ್ಟಿಸಿಕೊಳ್ಳುತ್ತದೆ. ನಾಡಿ, ಉಸಿರು ಅಳೆದು ಯಂತ್ರ ‘ಒಲವಿನ ಅಂಕ’ ಕೊಡುತ್ತದೆ. ಹೊತ್ತು ಮುಗಿದಾಗ ಕನಸಿನ ಗೋಡೆಯಲ್ಲಿ ನೀಲಿ ಬಾಗಿಲು ತೆರೆಯುತ್ತದೆ. ಅದನ್ನು ದಾಟಿದರೆ ಎಚ್ಚರ.

ಬೆಳಿಗ್ಗೆ ಬ್ಯಾಂಕಿನ ಕನಸಿನಲ್ಲಿ ಇಂದುಮತಿಯ ಅಂಕ ನೂರಕ್ಕೆ ತೊಂಬತ್ತು ದಾಟಿತ್ತು. ಅಪ್ಪ ಗುರಪ್ಪ ಆಗಲೇ ವಾಣಿಜ್ಯದ ಕಾಲೇಜಿಗೆ ಹೆಸರು ಹಚ್ಚಲು ಹೊರಟಿದ್ದ. “ಇನ್ನೊಂದು ನೋಡ್ತೀನಪ್ಪಾ” ಎಂದು ಹಟ ಹಿಡಿದು ಅವಳು ಕೃತಕ ಕಾಲು ಮಾಡುವ ಕಸುಬನ್ನು ಆರಿಸಿದ್ದಳು.

ಕನಸಿನ ಕಾರ್ಖಾನೆಯಲ್ಲಿ ಸುಣ್ಣದ ಪುಡಿ ಬೆಳದಿಂಗಳಂತೆ ತೇಲುತ್ತಿತ್ತು. ಸೂರಿನಿಂದ ಇಳಿಬಿದ್ದ ಕಾಲುಗಳು ಹೀರೇಕಾಯಿಗಳಂತೆ ಮೆಲ್ಲಗೆ ತೂಗುತ್ತಿದ್ದವು. ತಾನೇ ಮಾಡಿದ ಕಾಲನ್ನು ಅವಳು ಒಬ್ಬ ಅಜ್ಜನಿಗೆ ತೊಡಿಸಿದಳು. ಅಜ್ಜ ಮೋಡದ ಮೇಲೆ ಹೆಜ್ಜೆಯಿಡುವವನಂತೆ ನಡೆದ.

“ಹೆಂಗೈತ್ರಿ ಅಜ್ಜಾರ?”

“ಭಾಳ ಚಲೋ ಐತಿ, ತಂಗಿ.”

ನೀಲಿ ಬಾಗಿಲು ತೆರೆಯಿತು. ಇಂದುಮತಿ ಎದ್ದಳು.

“ಎಲ್ಲಿ ಹೊಂಟಿ? ಚಾ ಹೇಳೀನಿ. ಕುಡದು ಹೋಗು.”

ಚಹಾ ಹೇಳಿದ ಮೇಲೆ ಎದ್ದು ಹೋಗುವವರು ಆ ಊರಿನಲ್ಲಿ ಯಾರಿದ್ದಾರೆ? ಅವಳು ಕುಳಿತಳು. ಬಾಗಿಲು ಸುಮ್ಮನೆ ಮಿನುಗುತ್ತ ನಿಂತಿತು. ಎರಡು ಗುಟುಕು ಒಳಗಿಳಿದ ಮೇಲೆ ಅಜ್ಜ ದನಿ ತಗ್ಗಿಸಿದ.

“ಸಿಟ್ಟಾಗಬ್ಯಾಡ. ಕಾಲು ಕಚ್ಚತೈತಿ.”

“ಆಗ ಚಲೋ ಐತಿ ಅಂದ್ರಲ್ಲ?”

“ಇಷ್ಟು ಕಷ್ಟಪಟ್ಟು ಮಾಡೀದಿ. ನಿನ್ನ ಮಾರಿ ನೋಡಿ ಹೆಂಗ ಹೇಳಲಿ?”

ಅವನು ಕಾಲು ಕಳಚಿದ. ಚರ್ಮ ಕೆಂಪಗೆ ಕಿತ್ತುಬಂದಿತ್ತು. ಇಂದುಮತಿ ಚಹಾ ಕೆಳಗಿಟ್ಟು ಗಾಯದತ್ತ ಬಗ್ಗಿದಳು. ಅಷ್ಟರಲ್ಲಿ ಎಲ್ಲವೂ ಕದಡಿಹೋಯಿತು. ಹೊತ್ತು ಮೀರಿದ್ದಕ್ಕೆ ಡಾಕ್ಟರ್ ಮೃದುಲಾ ಹೊರಗಿನಿಂದಲೇ ಅವಳನ್ನು ಎಬ್ಬಿಸಿಬಿಟ್ಟಿದ್ದರು.

“ಹದಿನೇಳು ಅಂಕ. ಅಲ್ಲಿ ನಿನಗೆ ಹಿಂಸೆಯಾಗಿದೆ. ಬ್ಯಾಂಕಿನಲ್ಲಿ ಎಷ್ಟು ನೆಮ್ಮದಿಯಾಗಿದ್ದೆ!” ಎಂದರು.

ಇಂದುಮತಿ ಅಜ್ಜನ ಚಹಾ, ಕಚ್ಚಿದ ಕಾಲು ಎಲ್ಲ ಹೇಳಿ, ಮತ್ತೆ ಅವನ ಹತ್ತಿರ ಹೋಗಬೇಕೆಂದಳು. “ಬ್ಯಾಂಕಿನ್ಯಾಗ ಚಾ ಕುಡಿಯಾಕ ಕುಂದರಲಿಲ್ರಿ, ಮೇಡಂ. ಕುಂತಿದ್ರ ಅಲ್ಲಿಯವರು ಏನು ಹೇಳ್ತಿದ್ರೋ!”

ಮೃದುಲಾ ಅಂಕಗಳ ಪಟ್ಟಿಯತ್ತ ತಿರುಗಿದರು. ತಾವು ಅಂಕ ಕೊಟ್ಟ ಮಕ್ಕಳೆಲ್ಲ, ಎದುರಿಗಿದ್ದವರು ನಿಜ ಹೇಳುವ ಮೊದಲೇ ಆ ಬಾಗಿಲು ದಾಟಿ ಬಂದವರು.

“ಇಲ್ಲದ ಮುದುಕನ ಸಲುವಾಗಿ ಬ್ಯಾಂಕ್ ಬಿಡ್ತೀಯೇನ, ಹುಚ್ಚಿ?” ಗುರಪ್ಪ ಸಿಡಿದ.

“ಮುದುಕ ಇಲ್ಲಂದ್ರ ಆ ನೋವು ಯಾರದಪ್ಪಾ? ನನ್ನ ಮನಸಿನ್ಯಾಗಿಂದನ ಬಂದೈತಿ. ಅದನ್ನ ಬಿಟ್ಟು ಎಲ್ಲಿ ಹೋಗ್ಲಿ?”

ಗುರಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಅಂಕ ಪಡೆದು ಅಂಗಳಕ್ಕೆ ಹೋಗಿದ್ದ ಹುಡುಗ ಹುಡುಗಿಯರು ಈ ಮಾತು ಕೇಳಿ ಒಬ್ಬೊಬ್ಬರಾಗಿ ಒಳಗೆ ಬಂದು ಮತ್ತೆ ಸಾಲಿನಲ್ಲಿ ನಿಂತರು. ಅವರನ್ನೇ ನೋಡುತ್ತ ಮೃದುಲಾ ಹೊತ್ತು ಮುಗಿದೊಡನೆ ನೀಲಿ ಬಾಗಿಲು ತೆರೆಸುವ ಗಡಿಯಾರವನ್ನು ಬಂದ್ ಮಾಡಿದರು. ಅಂಕದ ಪರದೆಯನ್ನೂ ಬಂದ್ ಮಾಡಿದರು.

“ಮಲಗಮ್ಮ. ಬರಬೇಕು ಅನ್ನಿಸಿದಾಗ ಬಾ.”

ಸುಣ್ಣದ ಪುಡಿ ಇನ್ನೂ ತೇಲುತ್ತಲೇ ಇತ್ತು. ಇಂದುಮತಿ ನೆಲದ ಮೇಲೆ ಕುಳಿತು ಅಜ್ಜನ ಮೋಟುಗಾಲನ್ನು ತೊಡೆಯ ಮೇಲಿಟ್ಟುಕೊಂಡಳು.

“ಮುಲಾಜಿಲ್ಲದ ಹೇಳ್ರಿ ಅಜ್ಜಾರ, ಎಲ್ಲಿ ಕಚ್ಚತೈತಿ?”